ಜೂಮ್ ಎಚ್1ಎನ್: ಸಮುದಾಯ ಬಾನುಲಿ ಸಂಶೋಧಕರ ಜೋಳಿಗೆಗೆ ಒಗ್ಗುವ ರೆಕಾರ್ಡರ್

ಸಮುದಾಯ ಬಾನುಲಿಯನ್ನು, ಅಂದರೆ ಊರಿನ ಜನರೇ ತಮಗಾಗಿ ನಡೆಸುವ ಸಣ್ಣ ರೇಡಿಯೊ ಕೇಂದ್ರಗಳನ್ನು, ಅಧ್ಯಯನ ಮಾಡುವವರು ರೆಕಾರ್ಡರ್ ಕೊಳ್ಳುವಾಗ ಕೇಳಬೇಕಾದ್ದು ಒಂದೇ: ಇದರಲ್ಲಿ ದಾಖಲಾದ ಮಾತನ್ನು ಆ ಊರಿನ ಕೇಂದ್ರ ಹಾಗೇ ಪ್ರಸಾರ ಮಾಡಬಹುದೇ? ಕೋಲಾರ ಜಿಲ್ಲೆಯ ಬೂದಿಕೋಟೆಯ ನಮ್ಮಧ್ವನಿ, ತೆಲಂಗಾಣದ ಜಹೀರಾಬಾದ್ ಸೀಮೆಯ ಸಂಘಂ ರೇಡಿಯೊ ಎಂಬ ಸಮುದಾಯ ಕೇಂದ್ರಗಳ ಬಗ್ಗೆ ಹೈದರಾಬಾದ್ ವಿಶ್ವವಿದ್ಯಾಲಯದ ವಿನೋದ್ ಪಾವರಾಲ, ಕಾಂಚನ್ ಮಲಿಕ್ ಮಾಡಿದ ಕೆಲಸ ನಿಂತಿರುವುದೇ ಇಂಥ ಊರುಗಳ ಜನರ ಮಾತಿನ ಮೇಲೆ. ಆ ಮಾತು ಪ್ರಬಂಧದೊಳಗೆ ಹೂತುಹೋಗದೆ ಊರಿಗೆ ಮರಳಬೇಕು. ಜೂಮ್ ಕಂಪನಿಯ ಪುಟ್ಟ ಧ್ವನಿ ರೆಕಾರ್ಡರ್ ಎಚ್1ಎನ್ ಅದಕ್ಕೆ ಸಾಕು, ಹೊರಗಿನ ಮೈಕ್ ಜೊತೆಗಿದ್ದರೆ.

ಎರಡು ಎಎಎ ಬ್ಯಾಟರಿ ಹಾಕಿದರೆ ಸುಮಾರು 10 ಗಂಟೆ ಬರುತ್ತದೆ. ರೀಚಾರ್ಜ್ ಆಗುವ ಸೆಲ್ ಬಳಸುವುದಾದರೆ ಮೆನುವಿನಲ್ಲಿ ಬ್ಯಾಟರಿ ಬಗೆಯನ್ನು ಬದಲಿಸಿ; ಇಲ್ಲವಾದರೆ ಎಷ್ಟು ಚಾರ್ಜ್ ಉಳಿದಿದೆ ಎಂಬ ಗುರುತನ್ನು ನಂಬುವಂತಿಲ್ಲ. ಒಳಗೆ ಮೆಮೊರಿ ಇಲ್ಲ, 32 ಜಿಬಿವರೆಗಿನ ಮೈಕ್ರೊ ಎಸ್‌ಡಿ ಕಾರ್ಡ್ ಬೇಕು. ದನಿಯನ್ನು ಕುಗ್ಗಿಸದೆ ಉಳಿಸುವ ವೇವ್ ಕಡತ (48 ಕಿಲೊಹರ್ಟ್ಸ್, 24 ಬಿಟ್ ಗುಣಮಟ್ಟದ್ದು) ಗಂಟೆಗೆ ಸುಮಾರು 1 ಜಿಬಿ ತಿನ್ನುತ್ತದೆ. ದನಿಯ ವಿವರ ಕಳೆದು ಕಡತ ಕುಗ್ಗಿಸುವ ಎಂಪಿ3 ಬೇಡ. ಹತ್ತು ವರ್ಷದ ಮೇಲೆ ಮತ್ತೆ ಸಂಕಲಿಸಬೇಕಾದಾಗ ಅದರ ಕೊರತೆ ಕಾಣುತ್ತದೆ.

ಇದರ ದೊಡ್ಡ ದೋಷ ಹಗುರವಾದ ಪ್ಲಾಸ್ಟಿಕ್ ಮೈ. ಕೈಯಲ್ಲಿ ಹಿಡಿದರೆ ಬೆರಳು ಸರಿದ ಸದ್ದೆಲ್ಲ ಒಳಹೋಗುತ್ತದೆ. ಪುಟ್ಟ ಟ್ರೈಪಾಡ್‌ಗೆ ಸಿಕ್ಕಿಸಿ, ಇಲ್ಲವೇ ಮಡಚಿದ ಟವೆಲ್ ಮೇಲಿಡಿ. ಒಬ್ಬರ ಸಂದರ್ಶನಕ್ಕೆ ಲ್ಯಾಪೆಲ್ ಮೈಕನ್ನು (ಬಟ್ಟೆಗೆ ಸಿಕ್ಕಿಸುವ ಪುಟ್ಟ ಮೈಕ್) ಬಾಯಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ; ಬಳೆ, ಸರ, ಸೆರಗು ತಾಗದಂತೆ ನೋಡಿಕೊಳ್ಳಿ. ಇಲ್ಲಿ ಹಲವರು ಎಡವುತ್ತಾರೆ: ಫೋನಿನ ಮೈಕ್ ಪಿನ್ನಿನಲ್ಲಿ ಮೂರು ಕಪ್ಪು ಗೆರೆ, ರೆಕಾರ್ಡರಿಗೆ ಬೇಕಾದ್ದು ಎರಡು ಗೆರೆಯದು. ತಪ್ಪು ಪಿನ್ ಹಾಕಿದರೆ ದನಿ ಕ್ಷೀಣ, ಇಲ್ಲವೇ ಬರೀ ಗುಂಯ್‌ಗುಡುವ ಸದ್ದು. ಹೆಡ್‌ಫೋನ್ ಹಾಕಿ ಕೇಳದೆ ಶುರುಮಾಡಲೇಬೇಡಿ.

ದನಿಯ ಮಟ್ಟವನ್ನು ತಾನೇ ಹೊಂದಿಸುವ ಆಟೊ ಲೆವೆಲ್ ಬಂದ್ ಮಾಡಿ. ಮಾತಾಡುವವರು ಯೋಚಿಸಲು ತಡೆದಾಗ ಅದು ಮಟ್ಟ ಏರಿಸುತ್ತದೆ, ಆ ಮೌನದಲ್ಲಿ ಫ್ಯಾನ್ ಭೋರ್ಗರೆಯುತ್ತದೆ. ಅತಿ ಜೋರಿನ ದನಿ ಪರದೆಯ ಮಟ್ಟಸೂಚಿಯಲ್ಲಿ -12 ಡೆಸಿಬೆಲ್ ಸುತ್ತ ನಿಲ್ಲುವಂತೆ ಗುಂಡಿ ತಿರುಗಿಸಿ, ತಗ್ಗಿನ ಗುಡುಗುಡು ಸದ್ದನ್ನು ಸೋಸುವ 80 ಹರ್ಟ್ಸ್ ಲೋ ಕಟ್ ಹಾಕಿ. ಹೊಲದಲ್ಲಾದರೆ ತುಪ್ಪಳದ ಗಾಳಿತಡೆಯೇ ಬೇಕು, ಸ್ಪಂಜು ಸಾಲದು.

ಸ್ವಸಹಾಯ ಸಂಘದ ಸಭೆಯಲ್ಲಿ ಇದರ ಮಿತಿ ಗೊತ್ತಾಗುತ್ತದೆ. ರೆಕಾರ್ಡರಿನದೇ ಎರಡು ಮೈಕುಗಳೂ ಮುಂದಕ್ಕೆ ಮುಖ ಮಾಡಿರುವುದರಿಂದ ಹಿಂದೆ ಕೂತವರ ದನಿ ದೂರವಾಗುತ್ತದೆ, ಹಿಂದೆ ಕೂರುವವರು ಬಹಳ ಸಲ ಮೆಲ್ಲಗೆ ಮಾತಾಡುವವರೇ. ಅರ್ಧಚಂದ್ರಾಕಾರವಾಗಿ ಕೂರಿಸಿ.

ರೆಕಾರ್ಡಿಂಗಿನ ಮೊದಲಲ್ಲೇ ಒಪ್ಪಿಗೆಯನ್ನು ಎರಡು ಪ್ರಶ್ನೆಯಾಗಿ ಕೇಳಿ: ಸಂಶೋಧನೆಗೆ ಬೇರೆ, ಪ್ರಸಾರಕ್ಕೆ ಬೇರೆ. ಸಮುದಾಯ ಬಾನುಲಿ ಕೇಂದ್ರಗಳು ತಾವೇ ತಯಾರಿಸಿದ ಸುದ್ದಿ ಪ್ರಸಾರ ಮಾಡುವಂತಿಲ್ಲ, ಹಾಗಾಗಿ ಯಾವ ಭಾಗ ಕೊಡಬಹುದು ಎಂದು ಕೇಂದ್ರದವರೊಡನೆ ಕೂತು ಗುರುತಿಸಿ.

2024ರಲ್ಲಿ ಬಂದ ಎಚ್1 ಎಸೆನ್ಷಿಯಲ್ ಮೆಲ್ಲನೆಯ, ಜೋರಿನ ದನಿ ಎರಡನ್ನೂ ಕೆಡಿಸದೆ ಹಿಡಿಯುವ 32 ಬಿಟ್ ಫ್ಲೋಟ್‌ನಲ್ಲಿ ದಾಖಲಿಸುವುದರಿಂದ ಮಟ್ಟ ಹೊಂದಿಸುವ ತಲೆನೋವೇ ಇಲ್ಲ. ಹೊಸದಾಗಿ ಕೊಳ್ಳುವವರು ಅದನ್ನೇ ಕೊಳ್ಳಲಿ. ಎಚ್1ಎನ್ ಈಗಾಗಲೇ ಇದ್ದವರು ಆ ಹಣವನ್ನು ಒಳ್ಳೆಯ ಲ್ಯಾಪೆಲ್ ಮೈಕಿಗೆ ಹಾಕುವುದು ಲೇಸು.