ಕಲ್ಲು ಗುರುತಿಸುವ ಕಿಟ್: ಕೆಲವು ವರ್ಷಗಳ ಬಳಕೆಯ ನಂತರದ ಅಭಿಪ್ರಾಯ

ಹವ್ಯಾಸಕ್ಕಾಗಿ ಕಲ್ಲು, ಸ್ಫಟಿಕ, ಪಳೆಯುಳಿಕೆಗಳನ್ನು ಕೂಡಿಹಾಕುವವರಿಗೆಂದು ಆನ್‌ಲೈನ್‌ನಲ್ಲಿ ಮಾರುವ ಖನಿಜ ಪರೀಕ್ಷಾ ಕಿಟ್‌ಗಳಲ್ಲಿ ಒಂದನ್ನು ನಾನು ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ಊಟದ ಡಬ್ಬಿಗಿಂತ ಚಿಕ್ಕದಾದ ಪೆಟ್ಟಿಗೆಯೊಳಗೆ ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಮಡಚುವ ಮಸೂರ, ಹೊಳಪಿನ ಲೇಪವಿಲ್ಲದ ಬಿಳಿ ಮತ್ತು ಕಪ್ಪು ಪಿಂಗಾಣಿ ಬಿಲ್ಲೆಗಳು, ಪುಟ್ಟದೊಂದು ಅಯಸ್ಕಾಂತ, ಉಕ್ಕಿನ ಮೊಳೆ, ಗಾಜಿನ ತುಂಡು, ಖಾಲಿ ಡ್ರಾಪರ್ ಬಾಟಲಿ, ಗಡಸುತನ ಪರೀಕ್ಷೆಗೆ ಒಂಬತ್ತು ಖನಿಜಗಳ ಚೂರುಗಳು ಬರುತ್ತವೆ. ಇವುಗಳಲ್ಲಿ ಕೊಟ್ಟ ಹಣಕ್ಕೆ ಪೂರ್ತಿ ಬಾಳಿದ್ದು ಮಸೂರ ಒಂದೇ. ಉಳಿದವುಗಳಲ್ಲಿ ಅರ್ಧದಷ್ಟನ್ನು ಮನೆಯಲ್ಲಿಯೇ ಹೊಂದಿಸಿಕೊಳ್ಳಬಹುದು. ಇರಲೇಬೇಕಾಗಿದ್ದ ಒಂದು ಸಾಧನವಂತೂ ಪೆಟ್ಟಿಗೆಯಲ್ಲಿ ಇಲ್ಲವೇ ಇಲ್ಲ.

ಮಸೂರದ ಬಗ್ಗೆ ಮೊದಲು ಹೇಳಬೇಕು, ಏಕೆಂದರೆ ಹೊಸಬರಲ್ಲಿ ಹೆಚ್ಚಿನವರು ಅದನ್ನು ಹಿಡಿಯುವ ರೀತಿಯೇ ಬೇರೆಯಾಗಿರುತ್ತದೆ. ಭೂತಗನ್ನಡಿಯನ್ನು ಹಿಡಿದಂತೆ ಕಲ್ಲಿನ ಮೇಲೆ ಹಿಡಿದು ದೂರದಿಂದ ನೋಡಿದರೆ ನಡುವಿನ ಒಂದು ಚುಕ್ಕೆಯಷ್ಟು ಜಾಗ ಮಾತ್ರ ಕಾಣುತ್ತದೆ. ಮಸೂರವನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಇಟ್ಟುಕೊಂಡು, ಇನ್ನೊಂದು ಕೈಯಿಂದ ಕಲ್ಲನ್ನು ಮೇಲೆತ್ತುತ್ತಾ ಬಂದರೆ ಸುಮಾರು ಎರಡೂವರೆ ಸೆಂಟಿಮೀಟರ್ ದೂರದಲ್ಲಿ ಎಲ್ಲವೂ ಒಮ್ಮೆಗೇ ಸ್ಪಷ್ಟವಾಗುತ್ತದೆ. ಬೆಂಗಳೂರು ಸುತ್ತಮುತ್ತ ರಸ್ತೆ ಬದಿಯಲ್ಲಿ ಬಿದ್ದಿರುವ ಯಾವುದೇ ನೈಸ್ (ಪಟ್ಟೆಗಳಿರುವ ಗಟ್ಟಿ ಬಂಡೆಗಲ್ಲು) ಚೂರನ್ನು ಹೀಗೆ ಹಿಡಿದು ಬಿಸಿಲಿನಲ್ಲಿ ನಿಧಾನವಾಗಿ ತಿರುಗಿಸಿ ನೋಡಿ. ಬರಿಗಣ್ಣಿಗೆ ಒಂದೇ ಬೂದುಬಿಳಿಯಾಗಿ ಕಂಡಿದ್ದು ಎರಡಾಗಿ ಒಡೆಯುತ್ತದೆ: ಒಂದು ಬಗೆಯ ಕಣಗಳು ಒಂದು ನಿರ್ದಿಷ್ಟ ಕೋನಕ್ಕೆ ಬಂದಾಗ ಇಡೀ ಮುಖವೇ ಥಟ್ಟನೆ ಮಿನುಗಿ ಆರಿಹೋಗುತ್ತವೆ, ಇನ್ನೊಂದು ಬಗೆಯವು ಹೇಗೆ ತಿರುಗಿಸಿದರೂ ಒಡೆದ ಗಾಜಿನಂತೆ ಜಿಡ್ಡು ಹೊಳಪಿನಲ್ಲಿಯೇ ಉಳಿಯುತ್ತವೆ. ಮಿನುಗುವುದು ಫೆಲ್ಡ್‌ಸ್ಪಾರ್, ಏಕೆಂದರೆ ಅದಕ್ಕೆ ಸಮತಟ್ಟಾಗಿ ಸೀಳುವ ಗುಣವಿದೆ. ಜಿಡ್ಡಾಗಿರುವುದು ಬೆಣಚುಕಲ್ಲು, ಅದಕ್ಕೆ ಆ ಗುಣವಿಲ್ಲ. ಈ ಒಂದು ವ್ಯತ್ಯಾಸ ಕಣ್ಣಿಗೆ ಕೂತರೆ ದಕ್ಷಿಣ ಕರ್ನಾಟಕದ ಕಲ್ಲುಗಳನ್ನು ಓದುವ ಕೆಲಸ ಬಹುಪಾಲು ಹಗುರವಾಗುತ್ತದೆ.

ಮಸೂರವನ್ನು ಬಿಡಿಯಾಗಿ ಕೊಳ್ಳುವವರಿಗೆ ಒಂದು ಮಾತು. ಪೇಟೆಯಲ್ಲಿ ಮೂವತ್ತು ಪಟ್ಟು, ನಲವತ್ತು ಪಟ್ಟು ಎಂದು ಕೆತ್ತಿದ ಅಗ್ಗದ ಮಸೂರಗಳು ಹೇರಳವಾಗಿವೆ. ನಿಜವಾಗಿಯೂ ಮೂವತ್ತು ಪಟ್ಟಿನದಾದರೆ ಕಲ್ಲು ಮಸೂರದಿಂದ ಎಂಟು ಮಿಲಿಮೀಟರ್ ಆಸುಪಾಸಿಗೆ ಬಂದಾಗ ಮಾತ್ರ ಸ್ಪಷ್ಟವಾಗಬೇಕು. ಎರಡೂವರೆ ಸೆಂಟಿಮೀಟರಿನಲ್ಲೇ ಸ್ಪಷ್ಟವಾದರೆ ಅದು ಹತ್ತು ಪಟ್ಟಿನದು, ಮೇಲೆ ಏನೇ ಕೆತ್ತಿರಲಿ. ಅಷ್ಟೇ ಅಲ್ಲ, ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣಗಳು ಕಾಣಿಸಿದರೆ ಅದು ಒಂದೇ ಗಾಜಿನ ಮಸೂರ. ಮೂರು ಗಾಜುಗಳನ್ನು ಅಂಟಿಸಿ ಮಾಡಿದ ಟ್ರಿಪ್ಲೆಟ್‌ನಲ್ಲಿ ಅಂಚಿನವರೆಗೂ ಬಣ್ಣವೂ ಆಕಾರವೂ ಕೆಡುವುದಿಲ್ಲ. ಹೆಚ್ಚು ಪಟ್ಟು ಬೇಕೆಂಬ ಆಸೆಯನ್ನು ಕೂಡ ಬಿಡುವುದು ಒಳ್ಳೆಯದು. ಪಟ್ಟು ಹೆಚ್ಚಿದಷ್ಟೂ ಬೆಳಕು ಮತ್ತು ಕಾಣುವ ಜಾಗ ಕಡಿಮೆಯಾಗುತ್ತವೆ.

ಪಿಂಗಾಣಿ ಬಿಲ್ಲೆಯ ಕೆಲಸ ಅಕ್ಕಸಾಲಿಗರ ಒರೆಗಲ್ಲಿನ ಕೆಲಸವೇ. ಖನಿಜವನ್ನು ಉಜ್ಜಿದಾಗ ಉಳಿಯುವ ಪುಡಿಯ ಗೆರೆಗೆ ಖನಿಜದ ಹೊರಬಣ್ಣಕ್ಕಿಂತ ಹೆಚ್ಚು ವಿಶ್ವಾಸಾರ್ಹತೆ ಇದೆ. ಸಂಡೂರು ಅಥವಾ ಬಾಬಾಬುಡನ್‌ಗಿರಿ ಕಡೆಯ ಕಬ್ಬಿಣದ ಅದಿರಿನಲ್ಲಿ ಇದನ್ನು ಚೆನ್ನಾಗಿ ನೋಡಬಹುದು. ಉಕ್ಕಿನ ಬಣ್ಣದ, ಕನ್ನಡಿಯಂತೆ ಹೊಳೆಯುವ ಹೆಮಟೈಟ್ ಚೂರು ಬಿಳಿ ಬಿಲ್ಲೆಯ ಮೇಲೆ ಕೆಮ್ಮಣ್ಣಿನ ಬಣ್ಣದ ಗೆರೆ ಎಳೆಯುತ್ತದೆ. ಅದೇ ಬಂಡೆಯ ಪಟ್ಟೆಗಳಲ್ಲಿರುವ ಮ್ಯಾಗ್ನಟೈಟ್ ಕಪ್ಪು ಗೆರೆ ಎಳೆದು ಅಯಸ್ಕಾಂತಕ್ಕೂ ಅಂಟುತ್ತದೆ. ಮಳೆಗಾಳಿಗೆ ಬದಲಾದ ಗೋಥೈಟ್ ಹಳದಿ ಮಿಶ್ರಿತ ಕಂದು ಗೆರೆ ಕೊಡುತ್ತದೆ. ಬಂಗಾರ ಸಿಕ್ಕಿತೆಂದು ಎದೆ ಹಾರುವಂತೆ ಮಾಡುವ ಪೈರೈಟ್ ಕೂಡ ಬಿಲ್ಲೆಯ ಮೇಲೆ ಹಸಿರು ಛಾಯೆಯ ಕಪ್ಪು ಗೆರೆ ಬಿಟ್ಟು ಸಿಕ್ಕಿಬೀಳುತ್ತದೆ, ನಿಜವಾದ ಚಿನ್ನದ ಗೆರೆ ಮಾತ್ರ ಹಳದಿಯಾಗಿರುತ್ತದೆ. ಒಂದರಿಂದ ಹತ್ತರವರೆಗಿನ ಮೋಸ್ ಅಳತೆಯಲ್ಲಿ ಬಿಲ್ಲೆಯ ಗಡಸುತನ ಆರೂವರೆ ಏಳರ ನಡುವೆ ಇರುವುದರಿಂದ ಅದಕ್ಕಿಂತ ಗಟ್ಟಿಯಾದ ಖನಿಜ ಉಜ್ಜಿದರೆ ಸವೆಯುವುದು ಬಿಲ್ಲೆಯೇ, ಮತ್ತು ಕಾಣುವ ಬಿಳಿ ಪುಡಿ ಅದರದೇ. ಕಿಟ್‌ನ ಕೈಪಿಡಿ ಈ ವಿಷಯದಲ್ಲಿ ಮೌನವಾಗಿದೆ. ಇಷ್ಟೆಲ್ಲ ಹೇಳಿದ ಮೇಲೂ ಬಿಲ್ಲೆಗೆಂದು ದುಡ್ಡು ಕೊಡುವ ಅಗತ್ಯ ನನಗೆ ಕಾಣುವುದಿಲ್ಲ. ಚಹಾ ಕಪ್ಪಿನ ತಳದಲ್ಲಿ ಲೇಪವಿಲ್ಲದೆ ಉಳಿದಿರುವ ಉಂಗುರ ಅಥವಾ ಬಿಳಿ ಟೈಲ್ಸ್‌ನ ಹಿಂಬದಿ ಇದೇ ಕೆಲಸವನ್ನು ಮಾಡುತ್ತದೆ.

ಗಡಸುತನದ ಚೂರುಗಳು ಜರ್ಮನ್ ಖನಿಜಶಾಸ್ತ್ರಜ್ಞ ಫ್ರೀಡ್ರಿಕ್ ಮೋಸ್ 1812ರಲ್ಲಿ ರೂಪಿಸಿದ ಹತ್ತು ಮೆಟ್ಟಿಲಿನ ಕ್ರಮದಲ್ಲಿವೆ, ಮೇಲಿನ ಮೆಟ್ಟಿಲಿನದು ಕೆಳಗಿನದನ್ನು ಗೀರುತ್ತದೆ. ಹತ್ತನೆಯದಾದ ವಜ್ರವನ್ನು ಸಹಜವಾಗಿಯೇ ಯಾರೂ ಡಬ್ಬಿಯಲ್ಲಿಟ್ಟು ಕೊಡುವುದಿಲ್ಲ. ವರ್ಷಗಳ ಬಳಕೆಯಲ್ಲಿ ಕ್ಯಾಲ್ಸೈಟ್ (ಸುಣ್ಣದ ಕಲ್ಲಿನ ಖನಿಜ) ಓರೆ ಚೌಕಗಳಾಗಿ ಸೀಳುತ್ತಾ ಸೀಳುತ್ತಾ ಕಡಲೆಬೇಳೆಯಷ್ಟಾಗಿದೆ, ಜಿಪ್ಸಮ್ ಹೇಳಹೆಸರಿಲ್ಲದಂತೆ ಹೋಗಿದೆ. ಅದರಿಂದ ನಷ್ಟವೇನೂ ಆಗಿಲ್ಲ. ಕೆಳಗಿನ ಮೆಟ್ಟಿಲುಗಳಿಗೆ ಉಗುರು ಮತ್ತು ತಾಮ್ರದ ತಂತಿ ಸಾಕು, ಐದೂವರೆಗೆ ಗಾಜಿದೆ. ಉಪಯೋಗಕ್ಕೆ ಬರುವುದು ಮೇಲಿನ ಮೂರು: ಬೆಣಚು, ಟೋಪಾಜ್ ಮತ್ತು ಕುರುಂದ (ಕೊರಂಡಮ್). ಮೊಳೆಯ ವಿಷಯದಲ್ಲಿ ಒಂದು ಸೊಗಸಾದ ಪರೀಕ್ಷೆಯನ್ನು ಇಲ್ಲಿ ದಾಖಲಿಸಲೇಬೇಕು. ಹೊಳೆನರಸೀಪುರದ ಸುತ್ತಿನ ಶಿಸ್ಟ್ ಎಂಬ ಹಾಳೆ ಹಾಳೆಯಾಗಿ ಸೀಳುವ ಶಿಲೆಗಳಲ್ಲಿ ಗಾರ್ನೆಟ್ ಮತ್ತು ಸ್ಟಾರೊಲೈಟ್‌ಗಳ ಜೊತೆಗೆ ಚಪ್ಪಟೆ ಕಡ್ಡಿಗಳಂತಹ ಕಯನೈಟ್ ಸಿಗುತ್ತದೆ. ಆ ಕಡ್ಡಿಯ ಉದ್ದಕ್ಕೆ ಉಕ್ಕಿನ ಮೊನೆಯಿಂದ ಎಳೆದರೆ ಗೀರು ಬೀಳುತ್ತದೆ, ಅಡ್ಡಕ್ಕೆ ಎಳೆದರೆ ಮೊನೆ ಜಾರಿಹೋಗುತ್ತದೆ. ಉದ್ದಕ್ಕೆ ಅದರ ಗಡಸುತನ ಐದರ ಆಸುಪಾಸು, ಅಡ್ಡಕ್ಕೆ ಏಳರ ಹತ್ತಿರ. ಒಂದೇ ಮುಖದ ಮೇಲೆ ಹೀಗೆ ಎರಡು ಉತ್ತರ ಕೊಡುವ ಖನಿಜಗಳು ಅಪರೂಪವಾದ್ದರಿಂದ ಇಲ್ಲಿಗೆ ಅನುಮಾನ ಮುಗಿಯುತ್ತದೆ. ಯಾವುದೇ ಗೀರು ಬಿದ್ದಾಗ ಒದ್ದೆ ಹೆಬ್ಬೆರಳಿನಿಂದ ಒರೆಸಿ ಮಸೂರದಲ್ಲಿ ನೋಡುವುದು ಕಡ್ಡಾಯ, ಏಕೆಂದರೆ ಮೆತ್ತನೆಯ ಮೊಳೆ ಗಟ್ಟಿ ಕಲ್ಲಿನ ಮೇಲೆ ಬಿಟ್ಟ ಲೋಹದ ಗೆರೆಯೂ ಗೀರಿನಂತೆಯೇ ಕಾಣುತ್ತದೆ.

ಇನ್ನು ಪೆಟ್ಟಿಗೆಯಲ್ಲಿ ಇಲ್ಲದ ಸಾಧನದ ವಿಷಯ: ಅದು ತಕ್ಕಡಿ. ಹವ್ಯಾಸಿಗಳ ಕೈಗೆ ಎಟುಕುವ ಪರೀಕ್ಷೆಗಳಲ್ಲಿ ಕಲ್ಲಿಗೆ ಯಾವ ಗಾಯವನ್ನೂ ಮಾಡದೆ ಅಂಕಿಯಲ್ಲಿ ಉತ್ತರ ಕೊಡುವುದು ಸಾಪೇಕ್ಷ ಸಾಂದ್ರತೆ (ಅಷ್ಟೇ ಗಾತ್ರದ ನೀರಿಗಿಂತ ಕಲ್ಲು ಎಷ್ಟು ಪಟ್ಟು ಭಾರ ಎಂಬುದು) ಒಂದೇ, ಮತ್ತು ಅದಕ್ಕೆ ಬೇಕಾದದ್ದು ಒಂದು ಗ್ರಾಮಿನ ಹತ್ತನೇ ಒಂದು ಭಾಗವನ್ನು ತೋರಿಸುವ ಅಗ್ಗದ ಡಿಜಿಟಲ್ ತಕ್ಕಡಿ, ಒಂದು ಲೋಟ ನೀರು ಮತ್ತು ದಾರ. ಕಲ್ಲನ್ನು ಒಣಗಿದ್ದಾಗ ತೂಗಬೇಕು. ನಂತರ ನೀರಿನ ಲೋಟವನ್ನು ತಕ್ಕಡಿಯ ಮೇಲಿಟ್ಟು ಅಂಕಿಯನ್ನು ಸೊನ್ನೆಗೆ ತಂದು, ದಾರ ಕಟ್ಟಿದ ಕಲ್ಲನ್ನು ತಳಕ್ಕೂ ಬದಿಗೂ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಬೇಕು. ಆಗ ತಕ್ಕಡಿ ತೋರಿಸುವ ಗ್ರಾಂ ಲೆಕ್ಕವೇ ಕಲ್ಲಿನ ಗಾತ್ರದ ಘನ ಸೆಂಟಿಮೀಟರ್ ಲೆಕ್ಕ. ಒಣತೂಕವನ್ನು ಆ ಲೆಕ್ಕದಿಂದ ಭಾಗಿಸಬೇಕು: ಒಣತೂಕ 84 ಗ್ರಾಂ, ಮುಳುಗಿಸಿದಾಗ ತೋರಿದ್ದು 21 ಎಂದಾದರೆ ಉತ್ತರ 4. ಬೆಣಚು 2.65, ಕ್ಯಾಲ್ಸೈಟ್ 2.71, ಕುರುಂದ 4, ಬರೈಟ್ 4.5, ಪೈರೈಟ್ 5, ಗಲೀನಾ 7.5. ಕಲ್ಲಿನ ಸಂದಿಯಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡರೆ ಲೆಕ್ಕ ಕೆಳಗಿಳಿಯುತ್ತದೆ, ಬೇರೆ ಖನಿಜ ಅಂಟಿಕೊಂಡಿದ್ದರೆ ಲೆಕ್ಕ ಏರುಪೇರಾಗುತ್ತದೆ ಎಂಬುದನ್ನು ನೆನಪಿಟ್ಟುಕೊಳ್ಳಬೇಕು.

ಮೈಸೂರು, ಮಂಡ್ಯ ಕಡೆಯ ಹೊಲಗಳಲ್ಲಿ ಮಳೆಯ ನಂತರ ಮೇಲೆದ್ದು ಕಾಣುವ ಕೆಂಪು ಕಲ್ಲುಗಳ ಪ್ರಶ್ನೆ ಬಂದಾಗ ಈ ತಕ್ಕಡಿಯ ಬೆಲೆ ತಿಳಿಯುತ್ತದೆ. ಆ ಪ್ರದೇಶದ ಕುರುಂದಕ್ಕೆ ಹಳೆಯ ಹೆಸರಿದೆ. ಅದರಲ್ಲಿ ಕೆಂಪಾದದ್ದು ಮಾಣಿಕ್ಯದ ಜಾತಿಯದೇ ಆದರೂ ಸಾಮಾನ್ಯವಾಗಿ ಬೆಳಕು ಹಾಯದಷ್ಟು ಮಂಕಾಗಿರುತ್ತದೆ. ಕೆಂಪು ಗಾಜನ್ನೂ ಕೆಂಪು ಬಳಿದುಕೊಂಡ ಬೆಣಚನ್ನೂ ತೂಕದ ಲೆಕ್ಕ ಮೊದಲ ಸುತ್ತಿನಲ್ಲೇ ಹೊರಗಟ್ಟುತ್ತದೆ. ಆದರೆ ಕಬ್ಬಿಣಾಂಶದ ಗಾರ್ನೆಟ್‌ನ ಲೆಕ್ಕವೂ ನಾಲ್ಕರ ಮೇಲೆಯೇ ಇರುವುದರಿಂದ ಇಲ್ಲಿ ತಕ್ಕಡಿಯೊಂದರಿಂದ ತೀರ್ಮಾನವಾಗುವುದಿಲ್ಲ. ಆಗ ಡಬ್ಬಿಯ ಟೋಪಾಜ್ ಚೂರನ್ನು ತೆಗೆಯಬೇಕು: ಟೋಪಾಜ್ ಅನ್ನು ಗೀರುವುದು ಕುರುಂದ, ಗೀರಲಾರದ್ದು ಗಾರ್ನೆಟ್. ಆಕಾರ ಉಳಿದಿದ್ದರೆ ಅಷ್ಟೂ ಬೇಕಿಲ್ಲ. ಗಾರ್ನೆಟ್ ದುಂಡಗಿದ್ದು ಓರೆ ಚೌಕದ ಮುಖಗಳನ್ನು ಹೊಂದಿರುತ್ತದೆ, ಕುರುಂದ ಆರು ಮೂಲೆಯ ಪೀಪಾಯಿಯಂತೆ ಬೆಳೆದಿರುತ್ತದೆ.

ಡ್ರಾಪರ್ ಬಾಟಲಿ ಖಾಲಿಯಾಗಿ ಬರುವುದು ನ್ಯಾಯವೇ, ಆಮ್ಲವನ್ನು ಅಂಚೆಯಲ್ಲಿ ಕಳುಹಿಸುವಂತಿಲ್ಲ. ದುರ್ಬಲಗೊಳಿಸಿದ ಹೈಡ್ರೋಕ್ಲೋರಿಕ್ ಆಮ್ಲ ಇದ್ದರೆ ಸುಣ್ಣದ ಕಲ್ಲು ತಕ್ಷಣ ನೊರೆಗುಟ್ಟುತ್ತದೆ. ಡಾಲೊಮೈಟ್ ಆದರೆ ಗೀರಿ ಪುಡಿ ಮಾಡಿದ ಜಾಗದಲ್ಲಿ ಮಾತ್ರ, ಅದೂ ನಿಧಾನವಾಗಿ. ಮನೆಯಲ್ಲಿ ಮಕ್ಕಳಿರುವವರಿಗೆ ನಿಂಬೆರಸ ಸಾಕು: ಕಲ್ಲನ್ನು ಮೊಳೆಯಿಂದ ಕೆರೆದು ಪುಡಿಯ ಮೇಲೆ ಒಂದು ಹನಿ ಬಿಟ್ಟು ಮಸೂರದಲ್ಲಿ ನೋಡಿದರೆ ಸಣ್ಣ ಗುಳ್ಳೆಗಳು ಏಳುವುದು ಕಾಣುತ್ತದೆ. ಬೆಳಗಾವಿ, ವಿಜಯಪುರದ ಬಸಾಲ್ಟ್ (ಲಾವಾ ಆರಿ ಗಟ್ಟಿಯಾದ ಕಪ್ಪು ಕಲ್ಲು) ಪೊಟರೆಗಳಲ್ಲಿ ಸಿಗುವ ಬಿಳಿ ಸ್ಫಟಿಕ ಕ್ಯಾಲ್ಸೈಟೋ ಬೆಣಚೋ ಎಂಬುದು ಇಷ್ಟರಲ್ಲಿಯೇ ಇತ್ಯರ್ಥವಾಗುತ್ತದೆ.

ಅಯಸ್ಕಾಂತವನ್ನು ಉಲ್ಕಾಶಿಲೆ ಹುಡುಕುವ ಸಾಧನವೆಂದು ಕೈಪಿಡಿ ಬಣ್ಣಿಸಿದೆ. ಇದು ಜನರ ದಾರಿ ತಪ್ಪಿಸುವ ಮಾತು. ಅಯಸ್ಕಾಂತಕ್ಕೆ ಅಂಟುವ ಕಪ್ಪು ಭಾರದ ಕಲ್ಲು ನಮ್ಮ ರಾಜ್ಯದಲ್ಲಿ ಬಹುತೇಕ ಮ್ಯಾಗ್ನಟೈಟ್ ಆಗಿರುತ್ತದೆ, ಇಲ್ಲವೇ ಹಿಂದೆ ಕಬ್ಬಿಣ ಕರಗಿಸುತ್ತಿದ್ದ ಕುಲುಮೆಗಳ ಕಿಟ್ಟವಾಗಿರುತ್ತದೆ. ಕಿಟ್ಟದೊಳಗೆ ಗುಳ್ಳೆಯ ತೂತುಗಳಿರುತ್ತವೆ. ಉಲ್ಕಾಶಿಲೆಗಳಲ್ಲಿ ಅಂತಹ ತೂತುಗಳು ಇಲ್ಲವೆನ್ನುವಷ್ಟು ವಿರಳ.

ಪಳೆಯುಳಿಕೆಗಳಿಗೆ ಈ ಕಿಟ್ ಹೇಳಿ ಮಾಡಿಸಿದ್ದಲ್ಲ, ಮಸೂರವನ್ನು ಬಿಟ್ಟರೆ ಉಳಿದದ್ದು ನಿರುಪಯೋಗಿ. ಪದರಗಲ್ಲಿನ ಮೇಲೆ ಕಪ್ಪು ಜರೀಗಿಡದಂತೆ ಕವಲೊಡೆದು ಹರಡಿರುವ ಚಿತ್ತಾರವನ್ನು ಹಲವರು ಸಸ್ಯದ ಅಚ್ಚೆಂದು ಜೋಪಾನ ಮಾಡುತ್ತಾರೆ. ಮಸೂರದಲ್ಲಿ ನೋಡಿದರೆ ಎಲೆಯ ನಡುನರ ಇಲ್ಲ, ದಪ್ಪವಿಲ್ಲ, ಕವಲುಗಳೆಲ್ಲ ಒಂದು ಬಿರುಕಿನಿಂದ ಹೊರಟಿರುತ್ತವೆ: ಅದು ಬಿರುಕಿನಲ್ಲಿ ಇಳಿದ ನೀರು ಬಿಟ್ಟುಹೋದ ಮ್ಯಾಂಗನೀಸ್ ಆಕ್ಸೈಡ್. ದಖ್ಖನ್ ಬಸಾಲ್ಟ್ ಈರುಳ್ಳಿ ಸಿಪ್ಪೆಯಂತೆ ಸುಲಿದು ಉಳಿಯುವ ಗುಂಡುಗಳಿಗೂ ಡೈನೋಸಾರ್ ಮೊಟ್ಟೆ ಎಂಬ ಪಟ್ಟ ಸುಲಭವಾಗಿ ಸಿಗುತ್ತದೆ. ತಮಿಳುನಾಡಿನ ಪೆರಂಬಲೂರಿನಲ್ಲಿ 2020ರಲ್ಲಿ ಹಾಗೆ ಸುದ್ದಿಯಾದ ಗುಂಡುಗಳು ಮೊಟ್ಟೆಗಳಲ್ಲ, ಅಮ್ಮೋನೈಟ್ (ಸುರುಳಿ ಚಿಪ್ಪಿನ ಪ್ರಾಚೀನ ಕಡಲಜೀವಿ) ಇರುವ ಪದರಗಳಲ್ಲಿ ಗಟ್ಟಿಯಾದ ಕಲ್ಲಿನ ಉಂಡೆಗಳು ಎಂದು ತಜ್ಞರು ಸ್ಪಷ್ಟಪಡಿಸಬೇಕಾಯಿತು. ಕರ್ನಾಟಕದ ಬಹುಪಾಲು ಶಿಲೆಗಳು ಚಿಪ್ಪು ಮೂಳೆಗಳ ಜೀವಿಗಳು ಹುಟ್ಟುವುದಕ್ಕಿಂತ ಹಿಂದಿನವು. ಗುರುಮಠಕಲ್ ಬಳಿ ಲಾವಾ ಹರಿವುಗಳ ನಡುವಿನ ಕೆರೆಮಣ್ಣಿನ ಪದರಗಳಲ್ಲಿ ಸಿಹಿನೀರಿನ ಶಂಖದ ಹುಳುಗಳ ಅವಶೇಷಗಳಿವೆ, ಕಲಾದಗಿ ಪ್ರದೇಶದ ಸುಣ್ಣಶಿಲೆಗಳಲ್ಲಿ ಸೂಕ್ಷ್ಮಜೀವಿಗಳು ಕಟ್ಟಿದ ಸ್ಟ್ರೊಮ್ಯಾಟೊಲೈಟ್‌ಗಳಿವೆ. ಎರಡನೆಯದನ್ನು ನೋಡಲು ಮಸೂರ ತೆಗೆಯುವುದಕ್ಕಿಂತ ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುವುದೇ ಮೇಲು, ಪದರ ಪದರವಾಗಿ ಮೇಲೇರಿದ ಕಂಬಗಳ ಆಕಾರ ಆಗ ಕಾಣುತ್ತದೆ.

ಕಿಟ್‌ಗೆ ಬದಲಾಗಿ ಫೋಟೊದಿಂದ ಕಲ್ಲು ಗುರುತಿಸುವ ಆ್ಯಪ್ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಚಂದಾ ಕಟ್ಟಿ ಅಂತಹ ಒಂದು ಆ್ಯಪನ್ನೂ ಬಳಸಿದ್ದೇನೆ. ಮೈಸೂರಿನ ಹಸಿರು ಫುಕ್ಸೈಟ್ (ಒಂದು ಬಗೆಯ ಅಭ್ರಕ) ಬೆರೆತ ಬೆಣಚನ್ನು ಅದು ಒಣಗಿದ್ದಾಗ ಜೇಡ್ ಎಂದಿತು, ನೀರು ಚಿಮುಕಿಸಿದಾಗ ಮಲಕೈಟ್ ಎಂದಿತು. ಮಸೂರದಲ್ಲಿ ಆ ಹಸಿರು ಚುಕ್ಕೆಗಳು ಬಿಡಿ ಬಿಡಿಯಾದ ಅಭ್ರಕದ ಹಾಳೆಗಳಾಗಿ ಹೊಳೆಯುತ್ತವೆ, ಕಲ್ಲು ಗಾಜನ್ನು ಗೀರುತ್ತದೆ. ಇವೆರಡು ಸೇರಿದರೆ ಬೇರೆ ಹೆಸರಿಗೆ ಜಾಗವಿಲ್ಲ. ಭಾರ, ಗಡಸುತನ, ಗೆರೆ, ಆಮ್ಲಕ್ಕೆ ತೋರುವ ಪ್ರತಿಕ್ರಿಯೆ ಇವು ಯಾವುವೂ ಫೋಟೊದಲ್ಲಿ ಇರುವುದಿಲ್ಲವಾದ್ದರಿಂದ ಆ್ಯಪ್ ಎಷ್ಟೇ ಜಾಣವಾದರೂ ಊಹೆಯನ್ನು ಮಾತ್ರ ಕೊಡಬಲ್ಲದು. ಊಹೆಗಳ ಪಟ್ಟಿ ಬೇಕಾದಾಗ ನಾನು ಈಗಲೂ ಅದನ್ನು ತೆರೆಯುತ್ತೇನೆ, ಚಂದಾ ಮಾತ್ರ ಮುಂದುವರಿಸಿಲ್ಲ.

ಬಾಳಿಕೆಯ ವಿಷಯಕ್ಕೆ ಬಂದರೆ, ಮಸೂರದ ಕೀಲಿನ ಸ್ಕ್ರೂ ಸಡಿಲವಾಗುವುದು ಸಣ್ಣ ತೊಂದರೆ, ಕನ್ನಡಕದ ಸ್ಕ್ರೂಡ್ರೈವರ್‌ನಿಂದ ಸರಿಹೋಗುತ್ತದೆ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಅದನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿಡದಿದ್ದರೆ ಗಾಜಿಗೆ ಬೂಸಲು ಹಿಡಿಯುತ್ತದೆ. ಲಾಲ್‌ಬಾಗಿನ ಬಂಡೆ, ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು, ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ದಿಂಬು ಲಾವಾ (ನೀರಿನಡಿ ದಿಂಬಿನಾಕಾರದಲ್ಲಿ ಗಟ್ಟಿಯಾದ ಲಾವಾ) ಇವು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು. ಅಲ್ಲಿಗೆ ಮಸೂರ ಮಾತ್ರ ಒಯ್ಯಬೇಕು, ಸುತ್ತಿಗೆಯನ್ನೂ ಮೊಳೆಯನ್ನೂ ಮನೆಯಲ್ಲಿ ಬಿಡಬೇಕು.

ಡಬ್ಬಿಯಲ್ಲಿ ನಾನು ಸೇರಿಸಿಕೊಂಡ ಇನ್ನೊಂದು ವಸ್ತು ಚೀಟಿಗಳ ಕಟ್ಟು. ಆಂಫಿಬೋಲ್ ಎಂಬ ಗುಂಪಿನ ಕಪ್ಪು ಖನಿಜ‌ಗಳನ್ನು, ಫೆಲ್ಡ್‌ಸ್ಪಾರ್‌ಗಳ ಒಳಜಾತಿಗಳನ್ನು ಈ ಸಾಧನಗಳಿಂದ ಬೇರ್ಪಡಿಸಲಾಗದು. ಅದಕ್ಕೆ ಕಲ್ಲನ್ನು ಬೆಳಕು ಹಾಯುವಷ್ಟು ತೆಳುವಾಗಿ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು ಅಥವಾ ಎಕ್ಸ್-ರೇ ಪರೀಕ್ಷೆ ಮಾಡಿಸಬೇಕು. ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೆ ಅಂತಹ ಕಲ್ಲನ್ನು ಒಯ್ದರೆ ಅವರು ಕೇಳುವ ಮೊದಲ ಪ್ರಶ್ನೆ ಅದು ಸಿಕ್ಕಿದ್ದು ಎಲ್ಲಿ, ಬಂಡೆಯಲ್ಲಿತ್ತೋ ಹಳ್ಳದಲ್ಲಿ ಉರುಳಿ ಬಂದಿತ್ತೋ ಎಂಬುದು. ಊರು, ದಿಕ್ಕು, ತಾರೀಕು, ಸುತ್ತಲಿನ ಬಂಡೆಯ ಬಗೆ ಇಷ್ಟನ್ನು ಸಿಕ್ಕ ಜಾಗದಲ್ಲಿಯೇ ಬರೆದು ಕಲ್ಲಿನ ಜೊತೆ ಸುತ್ತಿಟ್ಟರೆ ಆ ಪ್ರಶ್ನೆಗೆ ಉತ್ತರ ಸಿದ್ಧವಾಗಿರುತ್ತದೆ.