ಎಟಿ ಅಂಡ್ ಟಿ: ಫೈಬರ್ ಚೆನ್ನಾಗಿದೆ, ಉಳಿದದ್ದನ್ನು ನೋಡಿ ಖರೀದಿಸಿ

ಅಮೆರಿಕದಲ್ಲಿ ಐಫೋನ್ ಬೇಕೆಂದರೆ ಅಲ್ಲಿನ ದೂರಸಂಪರ್ಕ ಕಂಪನಿ ಎಟಿ ಅಂಡ್ ಟಿಯ ಸಿಮ್ ಬಿಟ್ಟು ಬೇರೆ ಗತಿಯಿಲ್ಲದ ಕಾಲದಲ್ಲಿ ನಾನು ಈ ಕಂಪನಿಯ ಗ್ರಾಹಕನಾದೆ. 2007ರಲ್ಲಿ ಆರಂಭವಾದ ಆ ಏಕಸ್ವಾಮ್ಯ 2011ರ ಫೆಬ್ರವರಿಯಲ್ಲಿ ಪ್ರತಿಸ್ಪರ್ಧಿ ವೆರೈಜನ್‌ಗೂ ಐಫೋನ್ ದೊರೆತಾಗ ಮುಗಿಯಿತು. ನಾನು ಮಾತ್ರ ಇಲ್ಲೇ ಉಳಿದೆ. ಮೊದಲು ಮೊಬೈಲ್, ಆಮೇಲೆ ಮನೆಗೆ ಫೈಬರ್ ಇಂಟರ್ನೆಟ್, ನಡುವೆ ಕೆಲಕಾಲ ಅದೇ ಪ್ಲಾನ್‌ನೊಳಗೆ ಸೇರಿ ಬಂದ ಎಚ್‌ಬಿಒ ಮ್ಯಾಕ್ಸ್ ಎಂಬ ಸ್ಟ್ರೀಮಿಂಗ್ ಸೇವೆ, ಇವೆಲ್ಲವನ್ನೂ ಬಳಸಿದ ಮೇಲೆ ಹೇಳಬಹುದಾದದ್ದು ಇಷ್ಟು: ಸಂಪರ್ಕ ಒದಗಿಸುವ ಕೆಲಸ ಈ ಕಂಪನಿಗೆ ಚೆನ್ನಾಗಿ ಗೊತ್ತು, ಮನರಂಜನೆಯ ವ್ಯಾಪಾರಕ್ಕೆ ಅದು ಸುರಿದ ಹಣದಿಂದ ಗ್ರಾಹಕನಿಗೆ ಉಳಿದದ್ದು ಬಹಳ ಕಡಿಮೆ.

ಫೈಬರ್ ವಿಷಯದಲ್ಲಿ ನನ್ನದೇನೂ ತಕರಾರಿಲ್ಲ. ಡೌನ್‌ಲೋಡ್‌ನಷ್ಟೇ ವೇಗದ ಅಪ್‌ಲೋಡ್ ಸಿಗುವುದರಿಂದ, ದೊಡ್ಡ ಕಡತಗಳನ್ನು ಕಳುಹಿಸುವವರಿಗೂ ದಿನವಿಡೀ ವಿಡಿಯೊ ಸಭೆಗಳಲ್ಲಿ ಕೂರುವವರಿಗೂ ಸಾಮಾನ್ಯ ಕೇಬಲ್ ಇಂಟರ್ನೆಟ್‌ಗಿಂತ ಇದು ಸ್ಪಷ್ಟವಾಗಿ ಮೇಲು. 2025ರ ಜನವರಿಯಿಂದ, ಫೈಬರ್ ಇಪ್ಪತ್ತು ನಿಮಿಷ ಅಥವಾ ಮೊಬೈಲ್ ಜಾಲ ಒಂದು ಗಂಟೆ ಸ್ಥಗಿತಗೊಂಡರೆ ಒಂದು ಪೂರ್ತಿ ದಿನದ ಶುಲ್ಕವನ್ನು ಬಿಲ್ಲಿನಲ್ಲಿ ಕಳೆಯುವುದಾಗಿ ಕಂಪನಿ ಭರವಸೆ ಕೊಟ್ಟಿದೆ. ಅದರ ಷರತ್ತುಗಳನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಟೆಲಿಫೋನ್ ಜನಕ ಗ್ರಹಾಂ ಬೆಲ್ ಕಾಲದ ಹೆಸರನ್ನು ನೋಡಿ ಚಂದಾದಾರರಾಗುವವರು ಒಂದು ಸಂಗತಿ ತಿಳಿದಿರಬೇಕು. 1885ರಲ್ಲಿ ಹುಟ್ಟಿದ ಮೂಲ ಸಂಸ್ಥೆಯ ಸ್ಥಳೀಯ ಟೆಲಿಫೋನ್ ವ್ಯವಹಾರವನ್ನು, ಸರ್ಕಾರ ಹೂಡಿದ್ದ ಏಕಸ್ವಾಮ್ಯ ಮೊಕದ್ದಮೆಯ ಪರಿಣಾಮವಾಗಿ, 1984ರ ಜನವರಿ 1ರಂದು ಏಳು ಪ್ರಾದೇಶಿಕ ಕಂಪನಿಗಳಾಗಿ ಬೇರ್ಪಡಿಸಲಾಯಿತು. ಅವುಗಳಲ್ಲೊಂದಾದ ಸೌತ್‌ವೆಸ್ಟರ್ನ್ ಬೆಲ್ ಮುಂದೆ ಎಸ್‌ಬಿಸಿ ಎನಿಸಿಕೊಂಡು, 2005ರಲ್ಲಿ ಮೂಲ ಸಂಸ್ಥೆಯನ್ನೇ ಕೊಂಡು, ಮಗಳು ತಾಯಿಯ ಮನೆಯನ್ನು ಕೊಂಡು ಅದರ ನಾಮಫಲಕವನ್ನೂ ಉಳಿಸಿಕೊಂಡಂತೆ, ಆ ಹೆಸರನ್ನೇ ತನ್ನದಾಗಿಸಿಕೊಂಡಿತು. 1947ರಲ್ಲಿ ಟ್ರಾನ್ಸಿಸ್ಟರ್ ರೂಪಿಸಿದ, ಮೂಲ ಸಂಸ್ಥೆಯ ಸಂಶೋಧನಾಲಯ ಬೆಲ್ ಲ್ಯಾಬ್ಸ್ ಅಷ್ಟರಲ್ಲಾಗಲೇ ಅದರಿಂದ ಬೇರೆಯಾದ ಲೂಸೆಂಟ್ ಎಂಬ ಉಪಕರಣ ಕಂಪನಿಯ ಪಾಲಾಗಿತ್ತು. ಈಗ ಅದು ನೋಕಿಯಾದ ಸ್ವತ್ತು. ಹಾಗಾಗಿ ಹಳೆಯ ಕೀರ್ತಿಗೂ ಇಂದಿನ ಬಿಲ್ಲಿಗೂ ಸಂಬಂಧ ಅಷ್ಟಕ್ಕಷ್ಟೆ.

ಮಾಧ್ಯಮದ ಅಧ್ಯಾಯವೇ ಇದರಲ್ಲಿ ದುಬಾರಿ. 2015ರಲ್ಲಿ ಸುಮಾರು 4,850 ಕೋಟಿ ಡಾಲರ್‌ಗೆ ಉಪಗ್ರಹ ಟಿವಿ ಸಂಸ್ಥೆ ಡೈರೆಕ್‌ಟಿವಿಯನ್ನೂ, ನ್ಯಾಯಾಂಗ ಇಲಾಖೆಯ ವಿರೋಧದ ನಡುವೆ 2018ರಲ್ಲಿ ಸುಮಾರು 8,500 ಕೋಟಿ ಡಾಲರ್‌ಗೆ ಎಚ್‌ಬಿಒ ಒಡೆತನದ ಮಾಧ್ಯಮ ಸಂಸ್ಥೆ ಟೈಮ್ ವಾರ್ನರ್ ಅನ್ನೂ ಕಂಪನಿ ಕೊಂಡಿತು. ಈ ವಿಲೀನದಿಂದ ಗ್ರಾಹಕರಿಗೆ ಲಾಭವೆಂದು ನ್ಯಾಯಾಲಯದಲ್ಲಿ ವಾದಿಸಿ ಗೆದ್ದ ಕೆಲವೇ ವಾರಗಳಲ್ಲಿ, ಅದರದೇ ಡೈರೆಕ್‌ಟಿವಿ ನೌ ಎಂಬ ಆನ್‌ಲೈನ್ ಟಿವಿ ಸೇವೆಯ ಮಾಸಿಕ ದರ 5 ಡಾಲರ್ ಏರಿತು. 2021ರಲ್ಲಿ ಡೈರೆಕ್‌ಟಿವಿಯ ಶೇ. 30 ಪಾಲನ್ನು ಟಿಪಿಜಿ ಎಂಬ ಹೂಡಿಕೆ ಸಂಸ್ಥೆಗೆ ಮಾರಿದಾಗ ಇಡೀ ವ್ಯವಹಾರಕ್ಕೆ ಕಟ್ಟಿದ ಬೆಲೆ 1,625 ಕೋಟಿ ಡಾಲರ್ ಮಾತ್ರ. ಉಳಿದ ಪಾಲೂ 2025ರಲ್ಲಿ ಕೈಬಿಟ್ಟಿತು. ವಾರ್ನರ್ 2022ರ ಏಪ್ರಿಲ್‌ನಲ್ಲಿ ಡಿಸ್ಕವರಿ ಎಂಬ ಟಿವಿ ಕಂಪನಿಯ ಜತೆ ಸೇರಿ ಎಟಿ ಅಂಡ್ ಟಿಯಿಂದ ಬೇರೆಯಾಯಿತು, ಆ ವರ್ಷ ಬಂದ ಹೊಸ ಪ್ಲಾನ್‌ಗಳಿಂದ ಎಚ್‌ಬಿಒ ಮ್ಯಾಕ್ಸ್ ಕೂಡ ಮಾಯವಾಯಿತು. ಮಾರಾಟಗಾರರು ಉಚಿತವೆಂದು ತೋರಿಸುವ ಇಂಥ ಕೊಡುಗೆಗಳನ್ನು ನೋಡಿ ಪ್ಲಾನ್ ಆರಿಸಬೇಡಿ.

ಮೊಬೈಲ್ ಸೇವೆ ನನ್ನ ಅಗತ್ಯಕ್ಕೆ ಸಾಕಾಗಿದೆ, ಆದರೆ ಕಂಪನಿಯ ದಾಖಲೆ ಶುಭ್ರವಲ್ಲ. 'ಅನ್‌ಲಿಮಿಟೆಡ್' ಎಂದು ಮಾರಿದ ಪ್ಲಾನ್‌ಗಳ ವೇಗವನ್ನು ಮಿತಿಯ ನಂತರ ತಗ್ಗಿಸಿದ ಆರೋಪದ ಮೇಲೆ, ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2014ರಲ್ಲಿ ಮೊಕದ್ದಮೆ ಹೂಡಿ, 2019ರಲ್ಲಿ 6 ಕೋಟಿ ಡಾಲರ್‌ಗೆ ರಾಜಿಯಾಯಿತು. 2024ರ ಫೆಬ್ರವರಿ 22ರಂದು ಜಾಲ ಹನ್ನೆರಡು ಗಂಟೆಗೂ ಹೆಚ್ಚು ಕಾಲ ಕೈಕೊಟ್ಟಿದ್ದಕ್ಕೆ ಸಿಕ್ಕ ಪರಿಹಾರ 5 ಡಾಲರ್. ಮರುತಿಂಗಳು, ಸುಮಾರು 7.3 ಕೋಟಿ ಹಾಲಿ ಮತ್ತು ಮಾಜಿ ಖಾತೆದಾರರ ಮಾಹಿತಿ ಸೋರಿದ್ದನ್ನು ಕಂಪನಿ ಒಪ್ಪಿಕೊಂಡಿತು. ಬಿಟ್ಟುಹೋದವರ ವಿವರಗಳನ್ನು ಅಷ್ಟು ವರ್ಷ ಇಟ್ಟುಕೊಂಡದ್ದೇಕೆ ಎಂಬ ಪ್ರಶ್ನೆ ನನಗೆ ಸೋರಿಕೆಗಿಂತ ದೊಡ್ಡದಾಗಿ ಕಾಣುತ್ತದೆ. ಖಾತೆಯ ಪಾಸ್‌ಕೋಡ್ ಬದಲಿಸಿ, ನಿಮ್ಮ ಹೆಸರಿನಲ್ಲಿ ಬೇರೆಯವರು ಸಾಲ ಪಡೆಯದಂತೆ ಕ್ರೆಡಿಟ್ ಫ್ರೀಜ್ ಮಾಡಿಸಿಕೊಳ್ಳಿ.

ಫೈಬರ್‌ಗೆ ಐದಕ್ಕೆ ನಾಲ್ಕೂವರೆ, ಮೊಬೈಲ್‌ಗೆ ಮೂರೂವರೆ ಕೊಡುತ್ತೇನೆ. ನಿಮ್ಮ ವಿಳಾಸಕ್ಕೆ ಇನ್ನೂ ತಾಮ್ರದ ತಂತಿಯಷ್ಟೇ ಬರುತ್ತಿದ್ದರೆ ಇಲ್ಲಿ ಕಾಯುವುದರಲ್ಲಿ ಅರ್ಥವಿಲ್ಲ: ತಾಮ್ರದ ತಂತಿಯ ಇಂಟರ್ನೆಟ್ ಆದ ಡಿಎಸ್‌ಎಲ್‌ನ ಹೊಸ ಸಂಪರ್ಕಗಳನ್ನು ಕಂಪನಿ 2020ರ ಅಕ್ಟೋಬರ್‌ನಲ್ಲೇ ನಿಲ್ಲಿಸಿದೆ, ಮತ್ತು ಕೇಳಿದವರಿಗೆಲ್ಲ ಸ್ಥಿರ ದೂರವಾಣಿ ಕೊಡಲೇಬೇಕೆಂಬ ಹೊಣೆಯಿಂದ ಬಿಡುಗಡೆ ಕೋರಿ ಕ್ಯಾಲಿಫೋರ್ನಿಯಾದಲ್ಲಿ ಸಲ್ಲಿಸಿದ್ದ ಅರ್ಜಿಯನ್ನು ಅಲ್ಲಿನ ನಿಯಂತ್ರಣ ಆಯೋಗ 2024ರ ಜೂನ್‌ನಲ್ಲಿ ತಳ್ಳಿಹಾಕಿದರೂ, ಕಂಪನಿಯ ಒಲವು ಎತ್ತ ಎಂಬುದು ಆ ಅರ್ಜಿಯಿಂದಲೇ ತಿಳಿಯುತ್ತದೆ.