ಗಿಡ ಸರಿ, ಹೆಸರು ತಪ್ಪು: ಬೆಂಗಳೂರಿನ ನರ್ಸರಿಯೊಂದರಲ್ಲಿ ಕೊಂಡ ಸೇಬು, ಬೇರಿಕಾಯಿ

ದೇವನಹಳ್ಳಿ ರಸ್ತೆಯಿಂದ ಸ್ವಲ್ಪ ಒಳಗಿರುವ ಖಾಸಗಿ ನರ್ಸರಿಯೊಂದರಲ್ಲಿ ಮೂರು ವರ್ಷಗಳ ಹಿಂದೆ, ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ, ನಾನು ಮೂರು ಕಸಿಗಿಡಗಳನ್ನು ಕೊಂಡೆ. ಎರಡು ಸೇಬು, ಒಂದು ಬೇರಿಕಾಯಿ. ಸೇಬಿನ ಗಿಡಗಳಲ್ಲಿ ಒಂದರ ಚೀಟಿಯ ಮೇಲೆ ‘ಅನ್ನಾ’ ಎಂದೂ ಇನ್ನೊಂದರ ಮೇಲೆ ‘ಡಾರ್ಸೆಟ್ ಗೋಲ್ಡನ್’ ಎಂದೂ ಬರೆದಿತ್ತು. ಬೇರಿಕಾಯಿಯ ಚೀಟಿಯಲ್ಲಿ ‘ಪತ್ತರ್‌ನಾಖ್’ ಎಂದಿತ್ತು. ಸೇಬಿಗೆ ತಲಾ 450 ರೂಪಾಯಿ, ಬೇರಿಕಾಯಿಗೆ 380. ಹಣ್ಣಿನ ಗಿಡವನ್ನು ತಂದ ವಾರವೇ ಅದರ ಬಗ್ಗೆ ಅಭಿಪ್ರಾಯ ಬರೆಯುವುದು ಮದುವೆಯ ಮರುದಿನ ಸಂಸಾರದ ಬಗ್ಗೆ ಬರೆದಂತೆ. ಕಾಯಿ ಕಚ್ಚಿ ಹಣ್ಣಾಗುವವರೆಗೆ ಕಾದು ಈಗ ಬರೆಯುತ್ತಿದ್ದೇನೆ. ನರ್ಸರಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಗಿಡ ಕೊಳ್ಳುವವರು ಎಲ್ಲಿಗೆ ಹೋದರೂ ಏನನ್ನು ನೋಡಬೇಕು, ಏನನ್ನು ಕೇಳಬೇಕು ಎಂಬುದಕ್ಕೆ ಈ ಅನುಭವ ಉಪಯೋಗವಾದರೆ ಅಷ್ಟೇ ಸಾಕು.

ಮೊದಲು ಮೆಚ್ಚಬೇಕಾದದ್ದನ್ನು ಹೇಳಿಬಿಡುತ್ತೇನೆ. ಗಿಡಗಳ ಆರೋಗ್ಯದ ಬಗ್ಗೆ ನನ್ನ ತಕರಾರಿಲ್ಲ. ಕಸಿ ಕಟ್ಟಿದ ಜಾಗ ಚೆನ್ನಾಗಿ ಕೂಡಿಕೊಂಡಿತ್ತು, ಪ್ಲಾಸ್ಟಿಕ್ ಪಟ್ಟಿಯನ್ನು ಸಕಾಲದಲ್ಲಿ ಬಿಚ್ಚಿದ್ದರಿಂದ ಕಾಂಡದ ಮೇಲೆ ಅದು ಕೊರೆದ ಗುರುತಿರಲಿಲ್ಲ, ಚೀಲ ಹರಿದು ನೋಡಿದಾಗ ಬೇರುಗಳು ಸುರುಳಿ ಸುತ್ತಿಕೊಂಡಿರಲಿಲ್ಲ. ಕೆಮ್ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರಗಳ ಮಿಶ್ರಣ ಹದವಾಗಿತ್ತು. ತೂಕ ಕಡಿಮೆ ಮಾಡಲೆಂದು ಬರೀ ತೆಂಗಿನ ನಾರಿನ ಪುಡಿ ತುಂಬಿ ಮಾರುವ ಅಭ್ಯಾಸ ಇಲ್ಲಿ ಕಾಣಲಿಲ್ಲ. ವಿದ್ಯಾರಣ್ಯಪುರದಲ್ಲಿರುವ ನಮ್ಮ ಮನೆಯ ಹಿತ್ತಲಲ್ಲಿ ಮೂರೂ ಗಿಡಗಳು ಮೊದಲ ತಿಂಗಳಲ್ಲೇ ಚಿಗುರಿದವು.

ಅದಕ್ಕಿಂತ ಹೆಚ್ಚಾಗಿ ನಾನು ಮೆಚ್ಚಿದ್ದು ಅವರು ಕೊಟ್ಟ ಒಂದು ಪುಟದ ಕನ್ನಡದ ಸೂಚನಾಪತ್ರವನ್ನು. ಬೆಂಗಳೂರಿನಲ್ಲಿ ಸೇಬು ಬೆಳೆಯಬಹುದು ಎಂದು ಹೇಳಿ ಗಿಡ ಮಾರುವವರು ಬಹಳ ಮಂದಿ ಇದ್ದಾರೆ. ಹೇಗೆ ಎಂದು ಹೇಳುವವರು ಕಡಿಮೆ. ಸೇಬಿನ ಮೊಗ್ಗು ಚಳಿಗಾಲದಲ್ಲಿ ನಿದ್ರೆಗೆ ಹೋಗಿ, ತಕ್ಕಷ್ಟು ಚಳಿ ಉಂಡ ಮೇಲೆಯೇ ಸರಿಯಾಗಿ ಏಳುತ್ತದೆ. ಈ ಚಳಿಯನ್ನು ಅಳೆಯುವ ಹಳೆಯ ಕ್ರಮದಲ್ಲಿ 7.2 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಗಂಟೆಗಳನ್ನು ಎಣಿಸುತ್ತಾರೆ, ಮತ್ತು ಹಿಮಾಚಲ, ಕಾಶ್ಮೀರಗಳಿಂದ ಬರುವ ಡೆಲಿಷಸ್ ಜಾತಿಯ ಸೇಬುಗಳಿಗೆ ಅಂಥ ಗಂಟೆಗಳು ಸಾವಿರದ ಆಸುಪಾಸಿನಲ್ಲಿ ಬೇಕಾಗುತ್ತವೆ. ನಮ್ಮ ಊರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣತೆ 1884ರ ಜನವರಿ 13ರಂದಿನ 7.8 ಡಿಗ್ರಿ. ಎಂದರೆ ಆ ಲೆಕ್ಕದಲ್ಲಿ ಬೆಂಗಳೂರಿನ ದಾಖಲೆಯ ಚಳಿ ಕೂಡ ಸೇಬಿಗೆ ಒಂದು ಗಂಟೆಯನ್ನೂ ಒದಗಿಸಿಲ್ಲ. ಹೀಗಿರುವಾಗ ಮಾರುಕಟ್ಟೆಯಲ್ಲಿ ಕೊಂಡ ಸೇಬಿನ ಬೀಜ ಹಾಕಿ ಗಿಡ ಮಾಡಿಕೊಂಡವರಿಗೆ ಎಲೆ ಸಿಗಬಹುದು, ಹಣ್ಣು ಸಿಗುವ ಸಂಭವ ಕಡಿಮೆ.

ಅನ್ನಾ ಮತ್ತು ಡಾರ್ಸೆಟ್ ಗೋಲ್ಡನ್ ಈ ತೊಡಕನ್ನು ಬಹುಮಟ್ಟಿಗೆ ದಾಟಿದ ತಳಿಗಳು. ಮೊದಲನೆಯದನ್ನು ಇಸ್ರೇಲಿನ ಐನ್ ಶೆಮೆರ್ ಎಂಬ ಕಿಬ್ಬುತ್ಸ್‌ನಲ್ಲಿ, ಎಂದರೆ ಸಾಮೂಹಿಕ ಬೇಸಾಯದ ಹಳ್ಳಿಯಲ್ಲಿ, ಬಿಸಿ ನಾಡಿಗೆಂದೇ ರೂಪಿಸಿದರು. ಎರಡನೆಯದು ಹಿಮವೇ ಬೀಳದ ಬಹಾಮಾ ದ್ವೀಪಗಳಲ್ಲಿ ಸಿಕ್ಕಿದ್ದು. ಇವಕ್ಕೆ ಬೇಕಾದ ಅಲ್ಪ ಚಳಿಯೂ ಇಲ್ಲದ ಕಡೆ ಎಲೆಗಳನ್ನು ಕೈಯಿಂದ ಕಿತ್ತು ಗಿಡವನ್ನು ಎಚ್ಚರಿಸುವ ವಿಧಾನವೊಂದಿದೆ. ಇಂಡೊನೇಷ್ಯಾದ ಪೂರ್ವ ಜಾವಾದಲ್ಲಿ, ಬಾಟು ಊರಿನ ಸುತ್ತ, ಕೊಯ್ಲಾದ ಮೇಲೆ ಹೀಗೆ ಎಲೆ ಕಿತ್ತು ವರ್ಷಕ್ಕೆ ಎರಡು ಬೆಳೆ ತೆಗೆಯುತ್ತಾರೆ. ಅಲ್ಲಿನ ಹಳೆಯ ತಳಿ ರೋಮ್ ಬ್ಯೂಟಿ. ಕಳೆದ ಶತಮಾನದ ಮೊದಲ ಭಾಗದಲ್ಲಿ ಬೆಂಗಳೂರಿನ ಸುತ್ತಮುತ್ತಲ ತೋಟಗಳಲ್ಲಿದ್ದದ್ದೂ ಇದೇ. ನರ್ಸರಿಯ ಸೂಚನಾಪತ್ರ ಎಲೆ ಕೀಳುವ ಕಾಲ, ಅದಕ್ಕೆ ಮೊದಲು ನೀರು ಕಡಿಮೆ ಮಾಡುವ ಕ್ರಮ, ಕೊಂಬೆಯನ್ನು ಬಾಗಿಸಿ ಕಟ್ಟುವ ಬಗೆ, ಎಲ್ಲವನ್ನೂ ಸ್ಪಷ್ಟವಾಗಿ ಹೇಳಿತ್ತು. ಅದರಂತೆ ನಡೆದೆ. ಮೂರನೆಯ ಜನವರಿಯಲ್ಲಿ ಎಲೆ ಕಿತ್ತ ಕೆಲವೇ ವಾರಗಳಲ್ಲಿ ಎರಡೂ ಸೇಬಿನ ಗಿಡಗಳು ಒಟ್ಟಿಗೆ ಹೂಬಿಟ್ಟವು.

ತೊಂದರೆ ತಿಳಿದದ್ದು ಆಮೇಲೆ. ಗಿಡದ ತುಂಬ ಹೂವಿದ್ದರೂ ನಿಂತದ್ದು ಎರಡೂ ಗಿಡ ಸೇರಿ ಹನ್ನೊಂದು ಕಾಯಿ. ಜೂನ್ ಹೊತ್ತಿಗೆ ಹಣ್ಣಾದಾಗ ಅನ್ನಾದ ಹಣ್ಣು ತನ್ನ ಲಕ್ಷಣದಂತೆ ಉದ್ದವಾಗಿ, ಹಳದಿ ಮಿಶ್ರಿತ ಹಸಿರಿನ ಮೇಲೆ ಕೆಂಪು ಬಳಿದಂತಿತ್ತು. ಡಾರ್ಸೆಟ್ ಗೋಲ್ಡನ್ ಹೆಚ್ಚು ಗುಂಡಗೆ, ಹೆಸರಿಗೆ ತಕ್ಕಂತೆ ಹೊಂಬಣ್ಣದ್ದಾಗಿರಬೇಕಿತ್ತು. ಅದೂ ಉದ್ದವಾಗಿಯೇ ಇತ್ತು, ಅದರ ಮೇಲೂ ಅದೇ ಕೆಂಪಿತ್ತು. ಅಡ್ಡಲಾಗಿ ಕೊಯ್ದು ನೋಡಿದೆ. ಸೇಬಿನ ಒಳಗೆ ನಕ್ಷತ್ರದಾಕಾರದಲ್ಲಿ ಐದು ಕೋಣೆಗಳಿರುತ್ತವೆ, ಪರಾಗಸ್ಪರ್ಶ ಚೆನ್ನಾಗಿ ಆಗಿದ್ದರೆ ಪ್ರತಿಯೊಂದರಲ್ಲೂ ಸಾಮಾನ್ಯವಾಗಿ ಎರಡು ಬೀಜಗಳವರೆಗೆ ಕೂರುತ್ತವೆ. ನನ್ನ ಹಣ್ಣುಗಳಲ್ಲಿದ್ದದ್ದು ಒಂದೋ ಎರಡೋ ಬೀಜ, ಮತ್ತು ಬೀಜವಿಲ್ಲದ ಕಡೆ ಹಣ್ಣು ಸೊಟ್ಟಗಾಗಿತ್ತು. ನನಗೆ ಎರಡು ತಳಿ ಎಂದು ಮಾರಿದ್ದು ಒಂದೇ ತಳಿಯ ಎರಡು ಗಿಡ.

ಇದು ಬಣ್ಣದ ವ್ಯತ್ಯಾಸದಷ್ಟೇ ಸಣ್ಣ ಸಂಗತಿ ಎಂದು ಕಾಣಬಹುದು, ಹಾಗಲ್ಲ. ಸೇಬು ಸಾಮಾನ್ಯವಾಗಿ ತನ್ನದೇ ತಳಿಯ ಪರಾಗವನ್ನು ಒಪ್ಪುವುದಿಲ್ಲ. ಅನ್ನಾ ಸ್ವಲ್ಪ ಮಟ್ಟಿಗೆ ಒಪ್ಪಿದರೂ ಪಕ್ಕದಲ್ಲಿ ಬೇರೆ ತಳಿಯಿದ್ದರೆ ಮಾತ್ರ ತುಂಬಿ ಕಾಯುತ್ತದೆ. ಅದಕ್ಕೆ ಜೋಡಿಯಾಗಿ ಡಾರ್ಸೆಟ್ ಗೋಲ್ಡನ್ ನೆಡಬೇಕೆಂದು ನರ್ಸರಿಯ ಸೂಚನಾಪತ್ರವೇ ಹೇಳುತ್ತದೆ. ಕಸಿಯಿಂದ ಬೆಳೆಸಿದ ಎರಡು ಅನ್ನಾ ಗಿಡಗಳು ನೋಡಲು ಎರಡು, ವಂಶದ ಲೆಕ್ಕದಲ್ಲಿ ಒಂದೇ ಮರ. ಜೋಡಿಗೆಂದು ನಾನು ಕೊಟ್ಟ 450 ರೂಪಾಯಿ ಗಿಡಕ್ಕಲ್ಲ, ಆ ಹೆಸರಿಗೆ. ಆ ಹೆಸರೇ ಸುಳ್ಳಾಗಿತ್ತು, ಜೊತೆಗೆ ಮೂರು ವರ್ಷ ಹೋಯಿತು.

ದೂರು ಹೇಳಲು ಎರಡು ಹಣ್ಣುಗಳನ್ನು ಚೀಲದಲ್ಲಿ ಹಾಕಿಕೊಂಡೇ ಹೋದೆ. ಸಸಿಗಳಿಗೆ ನೀರು ಬಿಡುತ್ತಿದ್ದ ಹುಡುಗ ಎರಡನ್ನೂ ತಿರುಗಿಸಿ ನೋಡಿ, “ಮೇಡಂ, ಎರಡೂ ಸೇಬೇ ಅಲ್ವಾ?” ಎಂದ. ಅವನನ್ನು ದೂರುವುದಿಲ್ಲ, ಅವನು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಹಣ್ಣಿನ ತಳಿಗಳು ಲೋಕದಿಂದ ಮರೆಯಾಗುವ ದಾರಿಗಳಲ್ಲಿ ಈ ಮಾತೂ ಒಂದು. ಸೇಬಿನ ಬೀಜ ಹಾಕಿದರೆ ಹುಟ್ಟುವುದು ತಾಯಿಯನ್ನು ಹೋಲದ ಹೊಸ ಗಿಡ. ಆದ್ದರಿಂದ ರಾಗಿ, ಭತ್ತಗಳಂತೆ ಬೀಜವನ್ನು ಡಬ್ಬಿಯಲ್ಲಿಟ್ಟು ಒಂದು ತಳಿಯನ್ನು ಕಾಪಾಡಲಾಗುವುದಿಲ್ಲ. ಮರವನ್ನೇ ಬದುಕಿಸಿಟ್ಟು, ಅದರ ಕಡ್ಡಿಯಿಂದ ಮತ್ತೆ ಮತ್ತೆ ಕಸಿ ಮಾಡುತ್ತಿರಬೇಕು. ಮರ ಉಳಿದು ಹೆಸರು ಅಳಿಸಿಹೋದರೂ ತಳಿ ಕಳೆದಂತೆಯೇ, ಏಕೆಂದರೆ ಬೇಕೆಂದು ಬಂದವನಿಗೆ ಅದನ್ನು ಕೊಡಲು ಬರುವುದಿಲ್ಲ.

ದೇಶಗಳ ಮಟ್ಟದಲ್ಲಿ ಈ ಕೆಲಸ ಮಾಡುವ ತೋಟಗಳನ್ನು ನೆನೆದಾಗ ನರ್ಸರಿಯ ಲೋಪ ಎಲ್ಲಿದೆ ಎಂಬುದು ನನಗೆ ಸ್ಪಷ್ಟವಾಯಿತು. ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಬ್ರಾಗ್‌ಡೇಲ್‌ನಲ್ಲಿರುವ ರಾಷ್ಟ್ರೀಯ ಹಣ್ಣಿನ ಸಂಗ್ರಹದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸೇಬಿನ ತಳಿಗಳು, ಐನೂರಕ್ಕೂ ಹೆಚ್ಚು ಪೇರ್, ಎಂದರೆ ಬೇರಿಕಾಯಿಯ, ತಳಿಗಳು ಇವೆ. ಅಲ್ಲಿ ಒಂದು ತಳಿಗೆ ಸಾಮಾನ್ಯವಾಗಿ ಎರಡು ಮರ. ಒಂದು ಸತ್ತರೆ ಇನ್ನೊಂದರಿಂದ ಕಡ್ಡಿ ತೆಗೆಯಬಹುದು, ಒಂದರ ಗುರುತಿನ ಬಗ್ಗೆ ಅನುಮಾನ ಬಂದರೆ ಇನ್ನೊಂದರ ಪಕ್ಕದಲ್ಲಿಟ್ಟು ನೋಡಬಹುದು. ಮರಕ್ಕೆ ಕಟ್ಟಿದ ಪಟ್ಟಿ ಬಿದ್ದುಹೋದರೂ ಯಾವ ಸಾಲಿನ ಎಷ್ಟನೆಯ ಮರ ಯಾವುದು ಎಂಬುದು ದಾಖಲೆಯಲ್ಲಿರುತ್ತದೆ. ಈಚಿನ ವರ್ಷಗಳಲ್ಲಿ ಎಲೆಯಿಂದ ಡಿಎನ್‌ಎ ತೆಗೆದು ಹೋಲಿಸಿ, ಎರಡು ಹೆಸರಿನಲ್ಲಿ ನಿಂತ ಒಂದೇ ತಳಿಯನ್ನೂ ಒಂದೇ ಹೆಸರಿನಲ್ಲಿ ಅಡಗಿದ ಎರಡು ತಳಿಗಳನ್ನೂ ಬೇರ್ಪಡಿಸುತ್ತಿದ್ದಾರೆ. ಅಮೆರಿಕದಲ್ಲಿ ಸೇಬಿನ ಸಂಗ್ರಹ ನ್ಯೂಯಾರ್ಕ್ ರಾಜ್ಯದ ಜಿನೀವಾದಲ್ಲೂ ಪೇರ್ ಸಂಗ್ರಹ ಆರೆಗನ್ ರಾಜ್ಯದ ಕೊರ್ವಾಲಿಸ್‌ನಲ್ಲೂ ಇವೆ. ಬಯಲಿನ ಮರಗಳಿಗೆ ಆಲಿಕಲ್ಲು, ಹಿಮ, ಕೊಂಬೆಯನ್ನು ಬೆಂಕಿ ತಗುಲಿದಂತೆ ಕರಕಲಾಗಿಸುವ ಫೈರ್ ಬ್ಲೈಟ್ ರೋಗ, ಇವೆಲ್ಲದರ ಭಯ ಇರುವುದರಿಂದ ಜಿನೀವಾದ ಸೇಬುಗಳ ನಿದ್ರಿಸುವ ಮೊಗ್ಗುಗಳನ್ನು ಚಳಿಗಾಲದಲ್ಲಿ ಕತ್ತರಿಸಿ, ಕೊಲರಾಡೊದ ಫೋರ್ಟ್ ಕಾಲಿನ್ಸ್‌ನಲ್ಲಿ ದ್ರವ ಸಾರಜನಕದ ಶೈತ್ಯದಲ್ಲಿ ಇಡುತ್ತಾರೆ. ನಮ್ಮ ದೇಶದಲ್ಲಿ ಶೀತವಲಯದ ಹಣ್ಣುಗಳ ಸಂಗ್ರಹಗಳು ಶಿಮ್ಲಾ, ಶ್ರೀನಗರಗಳಲ್ಲಿವೆ. ಕಾಶ್ಮೀರದ ಸ್ವಂತ ಸೇಬಾದ ಅಂಬ್ರಿಯನ್ನು ಡೆಲಿಷಸ್ ಹಣ್ಣುಗಳು ಮಾರುಕಟ್ಟೆಯಿಂದ ಬದಿಗೆ ಸರಿಸಿದ ಮೇಲೆ ಅಂಥ ತೋಟಗಳ ಅಗತ್ಯ ಹೆಚ್ಚಿದೆ. ಬೆಂಗಳೂರಿಗರು ಇದನ್ನು ಹತ್ತಿರದಲ್ಲಿ ಅರಿಯಬೇಕೆಂದರೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಮಾವಿನ ತಳಿಗಳನ್ನು ಇದೇ ಕ್ರಮದಲ್ಲಿ, ಬದುಕಿರುವ ಮರಗಳಾಗಿಯೇ, ಕಾಪಾಡಿದ್ದಾರೆ.

ಹೆಸರು ತಪ್ಪುವುದು ದೊಡ್ಡವರ ತೋಟಗಳಲ್ಲೂ ಆಗಿದೆ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಇಂಗ್ಲೆಂಡಿನ ವಿಲಿಯಮ್ಸ್ ಎಂಬ ಪೇರ್ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ರಾಕ್ಸ್‌ಬರಿಯ ಜಮೀನೊಂದಕ್ಕೆ ಹೋಯಿತು. ಆ ಜಮೀನನ್ನು ಅನಂತರ ಕೊಂಡ ಇನಾಕ್ ಬಾರ್ಟ್‌ಲೆಟ್ ಎಂಬಾತನಿಗೆ ಮರದ ಹೆಸರು ತಿಳಿಯದೆ, ತನ್ನ ಹೆಸರಿನಲ್ಲೇ ಅದನ್ನು ಹಂಚಿದ. 1828ರಲ್ಲಿ ಯೂರೋಪಿನಿಂದ ಹೊಸ ಗಿಡಗಳು ಬಂದಾಗ ಎರಡೂ ಒಂದೇ ಎಂದು ತಿಳಿಯಿತು, ಆ ವೇಳೆಗೆ ಹೊಸ ಹೆಸರು ಬೇರೂರಿತ್ತು. ಹಿಮಾಚಲದ ಬೆಳೆಗಾರರು ಇಂದಿಗೂ ಅದನ್ನು ಬಾರ್ಟ್‌ಲೆಟ್ ಎಂದೇ ಕರೆಯುತ್ತಾರೆ. ಪೇರ್ ಎಂಬ ಹಣ್ಣಿಗೆ ಹೆಸರಿನ ಗ್ರಹಚಾರ ನಮ್ಮಲ್ಲೂ ತಪ್ಪಿಲ್ಲ. ಪೋರ್ಚುಗೀಸರ ‘ಪೇರ’ ಎಂಬ ಮಾತು ನಮ್ಮ ನಾಡಿನ ಹಲವು ಕಡೆ ಪೇರಲೆಯಾಗಿ ಸೀಬೆಹಣ್ಣಿಗೆ ಅಂಟಿಕೊಂಡಿತು, ನಿಜವಾದ ಪೇರ್ ಶಾಲೆಯ ಗೇಟಿನ ಮುಂದೆ ಉಪ್ಪು ಖಾರ ಸವರಿಸಿಕೊಂಡು ಬೇರಿಕಾಯಿಯಾಗಿ ಉಳಿಯಿತು, ಪತ್ರಿಕೆಗಳು ಅದನ್ನು ಮರಸೇಬು ಎಂದು ಬರೆಯುತ್ತವೆ.

ಮತ್ತೆ ನರ್ಸರಿಯ ವಿಚಾರಕ್ಕೆ ಬರುತ್ತೇನೆ. ಯಜಮಾನರು ಬಂದು ಹಣ್ಣು ನೋಡಿದ ಕೂಡಲೇ ತಪ್ಪನ್ನು ಒಪ್ಪಿಕೊಂಡರು. ವಾದಿಸಲಿಲ್ಲ, ನಿಮ್ಮ ಮಣ್ಣಿನ ಗುಣ ಎಂದು ಜಾರಿಕೊಳ್ಳಲಿಲ್ಲ, ಇದನ್ನು ದಾಖಲಿಸಲೇಬೇಕು. ಕಾರಣವನ್ನೂ ಅವರೇ ತೋರಿಸಿದರು. ಚೀಲಗಳ ಮೇಲೆ ಮಾರ್ಕರ್ ಪೆನ್ನಿನಿಂದ ಬರೆದ ಹೆಸರು ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಅಳಿಸಿಹೋಗುತ್ತದೆ, ಸಾಲು ಬದಲಾಯಿಸುವಾಗ ಸಸಿಗಳು ಬೆರೆಯುತ್ತವೆ, ಮಾರುವ ದಿನ ಹೊಸ ಚೀಟಿ ಬರೆಯುವವರು ಅಂದಾಜಿನ ಮೇಲೆ ಬರೆಯುತ್ತಾರೆ. ಎಲೆ ನೋಡಿ ಅನ್ನಾ ಯಾವುದು, ಡಾರ್ಸೆಟ್ ಯಾವುದು ಎಂದು ಹೇಳುವುದು ಪಳಗಿದವರಿಗೂ ಕಷ್ಟ. ಕಸಿಕಡ್ಡಿ ಎಲ್ಲಿಂದ ಬಂತು ಎಂದು ಕೇಳಿದೆ. ಅವರ ಬಳಿ ಎರಡೂ ತಳಿಗಳ ತಾಯಿಮರಗಳಿವೆ, ತೋರಿಸಿದರು ಕೂಡ. ಡಾರ್ಸೆಟ್ ಮರದಲ್ಲಿ ಆಗಲೂ ನಾಲ್ಕು ಹಳದಿ ಹಣ್ಣು ನೇತಾಡುತ್ತಿದ್ದವು. ಸರಿಯಾದ ಮರ ಇದ್ದೂ ಸರಿಯಾದ ಗಿಡ ಗಿರಾಕಿಯ ಕೈಗೆ ಬರದಿದ್ದರೆ ನಡುವೆ ಇಲ್ಲದ್ದು ಒಂದು ನೋಟ್‌ಬುಕ್ಕು ಮತ್ತು ಮೊಳೆಯಿಂದ ಗೀರಿ ಬರೆಯಬಹುದಾದ ಅಲ್ಯೂಮಿನಿಯಂ ಪಟ್ಟಿ.

ಇನ್ನೊಂದು ಕೊರತೆ ಬೇರುಸಸಿಯದು. ಕಸಿಗಿಡವೆಂದರೆ ಮೇಲೊಂದು ತಳಿ, ಕೆಳಗೊಂದು ತಳಿ. ಮರ ಎಷ್ಟೆತ್ತರ ಬೆಳೆಯುತ್ತದೆ, ಎಷ್ಟು ಬೇಗ ಫಲಕ್ಕೆ ಬರುತ್ತದೆ ಎಂಬುದರಲ್ಲಿ ಕೆಳಗಿನದರ ಪಾಲು ದೊಡ್ಡದು. ಬೇರಿಗೂ ಕಾಂಡಕ್ಕೂ ಬಿಳಿ ಹತ್ತಿ ಮೆತ್ತಿದಂತೆ ಕೂತು ರಸ ಹೀರುವ ಹೇನು ಸೇಬಿನ ಹಳೆಯ ಶತ್ರು. ಅದನ್ನು ತಡೆಯುವ ಗುಣವನ್ನು ನಾರ್ದರ್ನ್ ಸ್ಪೈ ಎಂಬ ಸೇಬಿನಿಂದ ಪಡೆದ ಎಂಎಂ 106, ಎಂಎಂ 111 ಎಂಬ ಬೇರುಸಸಿಗಳು ಇವೆ. ನನ್ನ ಗಿಡಗಳು ಯಾವುದರ ಮೇಲೆ ನಿಂತಿವೆ ಎಂದು ಚೀಟಿ ಹೇಳುವುದಿಲ್ಲ, ಯಜಮಾನರೂ ಖಚಿತವಾಗಿ ಹೇಳಲಿಲ್ಲ. 450 ರೂಪಾಯಿ ತೆಗೆದುಕೊಳ್ಳುವವರು ಇಷ್ಟನ್ನು ಬರೆಯಬೇಕು. ಬೇರಿಕಾಯಿ ಮಾತ್ರ ಆಳೆತ್ತರ ಬೆಳೆದಿದೆ, ಇನ್ನೂ ಹೂ ಬಿಟ್ಟಿಲ್ಲ. ಅದರ ಹೆಸರಿನ ಸತ್ಯಾಸತ್ಯ ಕಾಯಿ ಬಂದ ಮೇಲೆ ತಿಳಿಯುತ್ತದೆ.

ಯಜಮಾನರು ಹಣ ವಾಪಸು ಕೊಡಲು ಬಂದರು. ನಾನು ಗಿಡವನ್ನೇ ಕೇಳಿದೆ. ಹಳದಿ ಹಣ್ಣಿದ್ದ ಆ ತಾಯಿಮರದ ಕಡ್ಡಿಯಿಂದ, ನನ್ನ ಕಣ್ಣೆದುರೇ, ನನ್ನ ಎರಡನೆಯ ಅನ್ನಾದ ಒಂದು ಕೊಂಬೆಗೆ ಕಸಿ ಕಟ್ಟಿಕೊಡಬೇಕೆಂದೂ ಕೇಳಿದೆ, ಏಕೆಂದರೆ ಬೇರೂರಿದ ಮರದ ಮೇಲಿನ ಕಸಿ ಹೊಸ ಸಸಿಗಿಂತ ಬೇಗ ಹೂಬಿಡುತ್ತದೆ. ಕಡ್ಡಿ ಬಲಿಯುವ ಕಾಲದವರೆಗೆ ಕಾಯಿರಿ ಎಂದರು. ಹೇಳಿದ ಹಾಗೆ ಡಿಸೆಂಬರಿನಲ್ಲಿ ಆಳನ್ನು ಮನೆಗೇ ಕಳಿಸಿದರು, ಅದಕ್ಕೆ ಹಣ ತೆಗೆದುಕೊಳ್ಳಲಿಲ್ಲ. ಕಸಿ ಹಿಡಿದಿದೆ.

ಗಿಡದ ಆರೋಗ್ಯಕ್ಕೂ ಮಾರಾಟದ ನಂತರದ ನಡವಳಿಕೆಗೂ ಪೂರ್ಣ ಅಂಕ, ಹೆಸರಿನ ಶಿಸ್ತಿಗೆ ಸೊನ್ನೆ; ಒಟ್ಟು ಐದಕ್ಕೆ ಮೂರು. ಹೋಗುವವರು ಜೂನ್ ತಿಂಗಳಲ್ಲಿ, ತಾಯಿಮರಗಳಲ್ಲಿ ಹಣ್ಣಿರುವಾಗ ಹೋಗಿ, ಮರ ನೋಡಿ, ಅದೇ ಮರದ ಕಸಿ ಬೇಕೆಂದು ಹೇಳಿ ಬರುವುದು ಒಳ್ಳೆಯದು. ಹೆಸರು ಗೀರಿ ಕಟ್ಟುವ ಪಟ್ಟಿಯನ್ನು ಮನೆಯಿಂದಲೇ ಒಯ್ಯಿರಿ. ನನ್ನ ಹಿತ್ತಲಿನ ಆ ಕೊಂಬೆಗೆ ನಾನೇ ಒಂದು ಅಲ್ಯೂಮಿನಿಯಂ ಪಟ್ಟಿ ಕಟ್ಟಿದ್ದೇನೆ. ಅದು ಹಳದಿ ಹಣ್ಣು ಕೊಟ್ಟ ದಿನ ಈ ಮೂರಕ್ಕೆ ಇನ್ನರ್ಧ ಅಂಕ ಸೇರಿಸುತ್ತೇನೆ.